ಕಾಗದದ ಮೇಲಿನ ಗೀಚು

ಕೇಳುಗರೇ, ನಮಸ್ಕಾರ.

ಸಿನಿಮಾಗಳಲ್ಲಿ ಅನ್ಯಗ್ರಹದವರು ಬಂದರೆ ಲೋಕಕ್ಕೆಲ್ಲ ಒಮ್ಮೆಗೇ ಗೊತ್ತಾಗುತ್ತದೆ. ರಾಜಧಾನಿಯ ನೆತ್ತಿಯ ಮೇಲೆ ನೌಕೆ ಬಂದು ನಿಲ್ಲುತ್ತದೆ, ಜನ ಕಾರಿನಿಂದಿಳಿದು ಬಾಯಿ ತೆರೆದು ನೋಡುತ್ತಾರೆ. ಸ್ವತಃ ಖಗೋಳವಿಜ್ಞಾನಿಯಾಗಿದ್ದ ಕಾರ್ಲ್ ಸೇಗನ್ ತಮ್ಮ 1985ರ ಕಾದಂಬರಿ 'ಕಾಂಟ್ಯಾಕ್ಟ್'ನಲ್ಲಿ ಇಷ್ಟು ಗದ್ದಲ ಮಾಡಲಿಲ್ಲ. ಅಲ್ಲಿ ಅಭಿಜಿತ್ ನಕ್ಷತ್ರದ ದಿಕ್ಕಿನಿಂದ ರೇಡಿಯೋ ಸಂಕೇತ ಬರುತ್ತದೆ: ಎರಡು, ಮೂರು, ಐದು, ಏಳು... ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. ನಕ್ಷತ್ರಕ್ಕೆ ಲೆಕ್ಕ ಬಾರದು. ಎಣಿಸುವವರು ಯಾರೋ ಇರಲೇಬೇಕು. ಸಂಶಯ ಅಲ್ಲಿಗೆ ಮುಗಿಯಿತು.

ನನಗೆ ಈ ಅನುಕೂಲ ತುಸು ಹೆಚ್ಚಾಯಿತು ಎನ್ನಿಸುತ್ತದೆ. ಏಕೆಂದರೆ ಅದಕ್ಕೂ 18 ವರ್ಷ ಮೊದಲು, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಅಂಥದ್ದೇ ಎನ್ನಿಸುವ ಸಂಕೇತವೊಂದು ಸಿಕ್ಕಿತ್ತು. ಅದು ಎಣಿಸುತ್ತಿರಲಿಲ್ಲ, ಬರೀ ಮಿಡಿಯುತ್ತಿತ್ತು.

ಜೋಸೆಲಿನ್ ಬೆಲ್ ಆಗ 24ರ ಸಂಶೋಧನಾ ವಿದ್ಯಾರ್ಥಿನಿ. ನಾಲ್ಕೂವರೆ ಎಕರೆ ಬಯಲಿನಲ್ಲಿ ಕಂಬ ನೆಟ್ಟು ತಂತಿ ಬಿಗಿದು ಕಟ್ಟಿದ ರೇಡಿಯೋ ದೂರದರ್ಶಕಕ್ಕೆ ಅವರೂ ಸುತ್ತಿಗೆ ಹಿಡಿದು ದುಡಿದಿದ್ದರು. ಅದರ ಲೇಖನಿ ದಿನಕ್ಕೆ ಸುಮಾರು 30 ಮೀಟರ್ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಅಷ್ಟನ್ನೂ ಕಣ್ಣಿನಿಂದಲೇ ಓದಬೇಕು. ಅದರಲ್ಲೊಂದು ಪುಟ್ಟ ಗೀಚು. ನಕ್ಷತ್ರದ್ದರ ಹಾಗೂ ಕಾಣಲಿಲ್ಲ, ನಮ್ಮ ಭೂಮಿಯ ಗಲಾಟೆಯ ಹಾಗೂ ಕಾಣಲಿಲ್ಲ. ದಿನವೂ ಸುಮಾರು ನಾಲ್ಕು ನಿಮಿಷ ಬೇಗ ಬರುತ್ತಿತ್ತು. ನಕ್ಷತ್ರಗಳೂ ದಿನವೂ ಅಷ್ಟೇ ಬೇಗ ಮೂಡುತ್ತವೆ, ಅಂದರೆ ಅದು ನಕ್ಷತ್ರಗಳ ಗಡಿಯಾರವನ್ನು ಅನುಸರಿಸುತ್ತಿತ್ತು. 1967ರ ನವೆಂಬರ್ 28ರಂದು ಕಾಗದವನ್ನು ವೇಗವಾಗಿ ಓಡಿಸಿದಾಗ ಗೀಚು ಬಿಡಿಬಿಡಿಯಾಯಿತು. 1.33 ಸೆಕೆಂಡಿಗೊಂದು ಮಿಡಿತ, ಅಳತೆ ತಪ್ಪದೆ.

ಮನುಷ್ಯರೇ ಮಾಡಿದ್ದಿರಬೇಕು ಎಂದರು ಮಾರ್ಗದರ್ಶಕ ಆಂಟನಿ ಹ್ಯೂಯಿಷ್. ಇನ್ನೊಂದು ದೂರದರ್ಶಕದಲ್ಲೂ ಅದು ಸಿಕ್ಕಿತು. ಅರ್ಧ ತಮಾಷೆಗೆ 'ಪುಟ್ಟ ಹಸಿರು ಮನುಷ್ಯರು' ಎಂದು ಹೆಸರಿಟ್ಟರು. ಉಳಿದರ್ಧ ತಮಾಷೆಯಾಗಿರಲಿಲ್ಲ. ಕಳುಹಿಸುವವರು ಗ್ರಹವೊಂದರ ಮೇಲಿದ್ದರೆ, ಅದು ತನ್ನ ಸೂರ್ಯನನ್ನು ಸುತ್ತುವಾಗ ಮಿಡಿತಗಳು ಒಮ್ಮೆ ಒತ್ತೊತ್ತಾಗಿ, ಒಮ್ಮೆ ಬಿಡಿಯಾಗಿ ತಲುಪಬೇಕು. ಹತ್ತಿರ ಬಂದು ದೂರ ಹೋಗುವ ರೈಲಿನ ಸಿಳ್ಳೆಯ ಹಾಗೆ. ಹ್ಯೂಯಿಷ್ ಅಳೆದರು. ಕಂಡದ್ದು ನಮ್ಮ ಭೂಮಿಯ ಚಲನೆ ಮಾತ್ರ.

ಹಾಗಿದ್ದರೂ ಕ್ರಿಸ್‌ಮಸ್‌ಗೆ ಮುಂಚೆ ಹಿರಿಯರು ಬಾಗಿಲು ಹಾಕಿಕೊಂಡು ಚರ್ಚಿಸುತ್ತಿದ್ದರು: ಇದನ್ನು ಹೊರಗೆ ಹೇಳುವುದು ಹೇಗೆ? ಆ ಸಂಜೆ ಬೆಲ್ ಸಿಟ್ಟಿನಿಂದಲೇ ಮನೆಗೆ ಹೋದರಂತೆ. ಪಿಎಚ್‌ಡಿ ಮುಗಿಸುವ ಚಿಂತೆ ತಮಗೆ. ಈ ಹಸಿರು ಮನುಷ್ಯರಿಗೆ ತಮ್ಮ ಆಂಟೆನಾವೇ ಬೇಕಿತ್ತೇ! ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ಸಿಟ್ಟು. ಯಾವ ಕತೆಗಾರನಿಗೂ ಇದು ಹೊಳೆದಂತಿಲ್ಲ.

ಊಟ ಮಾಡಿ ಮರಳಿ ಬಂದು ಮತ್ತಷ್ಟು ಕಾಗದ ನೋಡಿದರು. ಆಕಾಶದ ಬೇರೊಂದು ಮೂಲೆಯಲ್ಲಿ ಮತ್ತೊಂದು ಗೀಚು, ಮತ್ತೊಂದು ಮಿಡಿತ. ಬೆಲ್ ಸಮಾಧಾನದ ನಿಟ್ಟುಸಿರುಬಿಟ್ಟರು. ಎರಡು ಮೂಲೆಗಳ ಎರಡು ಜನಾಂಗಗಳು ಒಂದೇ ಸಮಯಕ್ಕೆ ಈ ಸಾಧಾರಣ ಗ್ರಹವನ್ನೇ ಕರೆಯುತ್ತಿವೆ ಎಂದರೆ ಯಾರು ನಂಬುತ್ತಾರೆ? ಅವು ಗಿರಗಿರನೆ ತಿರುಗುವ ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಸಿಡಿದ ದೊಡ್ಡ ನಕ್ಷತ್ರಗಳು ಉಳಿಸಿಹೋದ ಅತಿ ದಟ್ಟ ತಿರುಳುಗಳು. ಇಂದು ನಾವು ಪಲ್ಸಾರ್ ಎನ್ನುವವು. 1974ರ ನೊಬೆಲ್ ಹ್ಯೂಯಿಷ್ ಅವರಿಗೆ ಬಂತು, ಬೆಲ್ ಅವರಿಗೆ ಬರಲಿಲ್ಲ. ಆ ಜಗಳ ಇನ್ನೊಂದು ದಿನಕ್ಕಿರಲಿ.

ಬೆಲ್ ರಜೆಗೆ ಹೋದರು. ಹ್ಯೂಯಿಷ್ ಯಂತ್ರಕ್ಕೆ ಶಾಯಿ, ಕಾಗದ ತುಂಬಿಸುತ್ತಿದ್ದರು. ಬಂದ ಸುರುಳಿಗಳನ್ನು ಓದದೆ ಬೆಲ್ ಅವರ ಮೇಜಿನ ಮೇಲೆ ಪೇರಿಸಿದರು. ರಜೆ ಮುಗಿಸಿ ಬಂದ ಬೆಲ್ ಆ ರಾಶಿಯಲ್ಲಿ ಇನ್ನೆರಡು ಗೀಚುಗಳನ್ನು ಹುಡುಕಿದರು.