ಕತ್ತಲಿಗೆ ಸ್ವೆಟರ್ ಇಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಫಿನ್ಲೆಂಡ್ ದೇಶದ ಔಲು ಅನ್ನುವ ಊರಿನಲ್ಲಿ 9 ಚಳಿಗಾಲ ಕಳೆದವನು. ಮೈಸೂರಿಗೆ ವಾಪಸ್ ಬಂದು ಎರಡು ವರ್ಷವಾಯಿತು. ಯಾರ ಮನೆಗೆ ಹೋದರೂ, ಮದುವೆ ಊಟಕ್ಕೆ ಕೂತರೂ ಒಂದೇ ಪ್ರಶ್ನೆ: "ಅಲ್ಲಿ ಎಷ್ಟು ಡಿಗ್ರಿ?" ಮೈನಸ್ 25 ಅಂದರೆ ಸಾಕು, ಪಕ್ಕದವರು ಪಾಯಸದ ಲೋಟ ಕೆಳಗಿಟ್ಟು "ಅಯ್ಯಪ್ಪಾ" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಫಿನ್ಲೆಂಡಿಗೆ ಹೊರಟ ಮಕ್ಕಳಿಗೂ ಅವರ ತಂದೆತಾಯಂದಿರಿಗೂ ನಾಲ್ಕು ಮಾತು ಹೇಳಿ ಅಂತ ಈ ಬಾನುಲಿ ಕೇಂದ್ರದವರು ಕರೆದಾಗ ನಾನು ಒಪ್ಪಿದ್ದೇ ಆ ಪ್ರಶ್ನೆಯನ್ನು ಬದಲಾಯಿಸೋಣ ಅಂತ. ಎಷ್ಟು ಡಿಗ್ರಿ ಅಂತ ಕೇಳಬೇಡಿ. ಎಷ್ಟು ಹೊತ್ತು ಬೆಳಕು ಅಂತ ಕೇಳಿ.

ಕಟ್ಟಡಗಳನ್ನು ಬೆಚ್ಚಗಿಡುವುದೇ ನನ್ನ ವೃತ್ತಿ. ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ, ಚಳಿ ಅನ್ನುವುದು ಅಲ್ಲಿ ಎಂದೋ ಬಗೆಹರಿದ ಲೆಕ್ಕ. ಕಿಟಕಿಗೆ ಒಂದು ಗಾಜಲ್ಲ, ಮೂರು ಗಾಜು. ಎರಡು ಗಾಜಿನ ನಡುವೆ ಆರ್ಗಾನ್ ಅನಿಲ ತುಂಬಿರುತ್ತಾರೆ, ಅದು ಒಳಗಿನ ಬಿಸಿಯನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಊರಾಚೆ ಒಂದು ಸ್ಥಾವರದಲ್ಲಿ ನೀರು ಕಾಯಿಸುತ್ತಾರೆ. ಆ ಬಿಸಿನೀರು ನೆಲದಡಿಯ ಕೊಳವೆಗಳಲ್ಲಿ ಹರಿದು ಬಂದು ಊರಿಗೆ ಊರೇ ಬೆಚ್ಚಗಿರುತ್ತದೆ. ಒಂದೊಂದು ಮನೆಯಲ್ಲೂ ಒಲೆ ಹಚ್ಚಿ ಕೂರುವ ಕಷ್ಟವಿಲ್ಲ. ಹೊರಗೆ ಮೈನಸ್ 25, ಒಳಗೆ 21. ಬನಿಯನ್ ಹಾಕಿಕೊಂಡು ಆರಾಮಾಗಿ ಮೊಸರನ್ನ ತಿನ್ನಬಹುದು. ನಿಜ ಹೇಳಬೇಕಾದರೆ, ಜನವರಿ ಬೆಳಗ್ಗೆ ನಮ್ಮೂರಿನ ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲಿಟ್ಟಾಗ ಜುಮ್ ಅನ್ನುತ್ತದಲ್ಲ, ಆ ಚಳಿ ನನಗೆ ಔಲುವಿನ ಮನೆಯಲ್ಲಿ ಒಂದು ದಿನವೂ ಆಗಲಿಲ್ಲ.

ಹೊರಗೆ ಹೋದರೆ? ಬಟ್ಟೆ ಇದೆ. ಅಲ್ಲಿನ ತಾಯಂದಿರು ಎಳೆ ಕೂಸನ್ನು ಬೆಚ್ಚಗೆ ಸುತ್ತಿ, ತಳ್ಳುಗಾಡಿಯಲ್ಲಿ ಮಲಗಿಸಿ, ಮಧ್ಯಾಹ್ನದ ನಿದ್ದೆಗೆ ಹೊರಗೇ ಇಡುತ್ತಾರೆ, ಹಿಮದ ನಡುವೆ! ಕೂಸು ಗೊರಕೆ ಹೊಡೆಯುತ್ತದೆ. ನೀವು ಮಾತ್ರ ಇಪ್ಪತ್ತನಾಲ್ಕು ವರ್ಷದ ಮಗನ ಸೂಟ್‌ಕೇಸಿಗೆ ಐದು ಸ್ವೆಟರು, ನಾಲ್ಕು ಮಂಕಿ ಕ್ಯಾಪು ತುರುಕುತ್ತಿದ್ದೀರಿ. ಬೇಡ. ಇಲ್ಲಿನ ಸ್ವೆಟರು ಅಲ್ಲಿನ ಗಾಳಿಗೆ ಜರಡಿ ಇದ್ದ ಹಾಗೆ. ಅಲ್ಲಿಗೆ ಹೋಗಿ ಒಂದು ಒಳ್ಳೆಯ ಕೋಟು, ಒಂದು ಜೊತೆ ಬೂಟು ತೆಗೆದುಕೊಳ್ಳಲಿ. ಆ ಜಾಗದಲ್ಲಿ ಚಟ್ನಿಪುಡಿ ಇಡಿ.

ಚಳಿಗೆ ಸ್ವೆಟರ್ ಇದೆ. ಕತ್ತಲಿಗೆ ಇಲ್ಲ. ಇವತ್ತು ಇದೊಂದು ಮಾತು ನೆನಪಿಟ್ಟುಕೊಂಡರೂ ಸಾಕು.

ಮೈಸೂರಿನಲ್ಲಿ ಡಿಸೆಂಬರ್ ತಿಂಗಳಲ್ಲೂ ಹಗಲು 11 ಗಂಟೆಗಿಂತ ಜಾಸ್ತಿ. ಔಲುವಿನಲ್ಲಿ ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಹುಟ್ಟುವುದು ಹತ್ತೂವರೆ ಹತ್ತಿರ. ಮುಳುಗುವುದು ಎರಡು ಗಂಟೆಗೆ. ಹುಟ್ಟಿದ ಅಂತ ಮಾತಿಗೆ ಹೇಳಬೇಕು, ಅಷ್ಟೆ. ಮರದ ತುದಿಯ ಮೇಲೆ ಸುಮ್ನೆ ಹಾಗೆ ಇಣುಕಿ ಹೋಗುತ್ತಾನೆ. ಇನ್ನೂ ಬಡಗಣದ ಉತ್ಸ್‌ಯೊಕಿ ಅನ್ನುವ ಊರಿನ ಕಡೆ ಹೆಚ್ಚುಕಮ್ಮಿ 50 ದಿನ ಸೂರ್ಯ ಹುಟ್ಟುವುದೇ ಇಲ್ಲ. ಆ ಕಾಲಕ್ಕೆ ಅವರ ಭಾಷೆಯಲ್ಲಿ 'ಕಾಮೋಸ್' ಅನ್ನುತ್ತಾರೆ. ನನಗಂತೂ ಯಾರೋ ಹಿಂದಿಯಲ್ಲಿ 'ಖಾಮೋಷ್' ಅಂತ ಗದರಿಸಿದ ಹಾಗೆ ಕೇಳಿಸುತ್ತಿತ್ತು.

ಇದು ನನಗೆ ಅರ್ಥವಾದದ್ದು ನಮ್ಮ ಅಮ್ಮನಿಂದ. ಅವರು 90 ದಿನದ ವೀಸಾದ ಮೇಲೆ ಅಕ್ಟೋಬರ್ ಮೊದಲ ವಾರ ಬಂದರು. ಬರುವಾಗ ಒಂದು ಗೇಣುದ್ದದ ಹಿತ್ತಾಳೆ ದೀಪ ತಂದಿದ್ದರು. ಸಂಜೆ ಹೊತ್ತು ಮುಳುಗುವಾಗ ದೀಪ ಹಚ್ಚದೆ ಅವರು ಒಂದು ದಿನವೂ ಇದ್ದವರಲ್ಲ. ಮೊದಲ ವಾರ ಆರು ಗಂಟೆ ದಾಟಿದ ಮೇಲೆ ಹಚ್ಚಿದರು. ಸರಿಹೋಯಿತು, ಊರಿನಲ್ಲೂ ಅದೇ ಹೊತ್ತು. ಆಮೇಲೆ ಐದೂವರೆ. ಆಮೇಲೆ ಐದು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅವತ್ತು ದೀಪ ನಾಲ್ಕಕ್ಕೇ ಬಂತು! "ಇವರು ಗಡಿಯಾರ ತಿರುಗಿಸಿದ್ದಕ್ಕೆ ಸೂರ್ಯನೂ ಹೆದರಿ ಓಡಿದ ಕಣೋ" ಅಂದರು. ನವೆಂಬರ್ ಮಧ್ಯಕ್ಕೆ ಮೂರು ಗಂಟೆ. ಊಟದ ತಟ್ಟೆ ತೊಳೆದು ಬರುವಷ್ಟರಲ್ಲಿ ದೀಪದ ಹೊತ್ತು. ಒಂದು ದಿನ ಕರ್ಪೂರ ಹಚ್ಚಿದರು. ಚಾವಣಿಯ ಹೊಗೆ ಅಲಾರಂ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕಿರುಚಿಕೊಂಡಿತು. ಅಲ್ಲಿ ಪ್ರತಿ ಮನೆಗೂ ಆ ಅಲಾರಂ ಕಡ್ಡಾಯ. ಕರ್ಪೂರ ಅವತ್ತಿಗೇ ಬಂದ್.

ಡಿಸೆಂಬರ್ ಬಂತು. ಅಮ್ಮನ ಮಾತು ಕಮ್ಮಿಯಾಯಿತು. ಬೆಳಗ್ಗೆ ಒಂಬತ್ತಾದರೂ ಏಳುತ್ತಿರಲಿಲ್ಲ. ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕುತ್ತಿದ್ದ ಹೆಂಗಸು! "ಎದ್ದು ಏನು ಮಾಡಲಿ, ಇನ್ನೂ ರಾತ್ರಿ" ಅನ್ನುತ್ತಿದ್ದರು. ನಾನು ಮಹಾ ಎಂಜಿನಿಯರ್, ಹೀಟರ್ ಇನ್ನೊಂದು ಡಿಗ್ರಿ ಏರಿಸಿದೆ. ಅವರಿಗೆ ಚಳಿಯೇ ಆಗಿರಲಿಲ್ಲ ನೋಡಿ.

ಡಿಸೆಂಬರ್ 6 ಫಿನ್ಲೆಂಡಿನ ಸ್ವಾತಂತ್ರ್ಯ ದಿನ. 1917ರಲ್ಲಿ ಅವರು ರಷ್ಯಾದಿಂದ ಬಿಡುಗಡೆ ಘೋಷಿಸಿಕೊಂಡ ದಿನ. ಅವತ್ತು ಸಂಜೆ ಆರಕ್ಕೆ ಕಿಟಕಿಯಲ್ಲಿ ಎರಡೆರಡು ಮೇಣದ ಬತ್ತಿ ಹಚ್ಚಿಡುವುದು ರೂಢಿ. ಅಮ್ಮನಿಗೆ ನಾನು ಹೇಳಿರಲಿಲ್ಲ. ಎದುರು ಕಟ್ಟಡದಲ್ಲಿ ಮೇಲಿಂದ ಕೆಳಗಿನವರೆಗೆ ಜೋಡಿ ದೀಪ ಕಂಡದ್ದೇ ತಡ, ಕೂಗಿದರು: "ಬಾರೋ ಇಲ್ಲಿ! ಇವರಿಗೂ ಕಾರ್ತಿಕ ಇದೆಯಾ?" ನಮ್ಮ ಕಾರ್ತಿಕ ಆಗಷ್ಟೇ ಮುಗಿದಿತ್ತು. ಓಡಿಹೋಗಿ ಹಿತ್ತಾಳೆ ದೀಪವನ್ನು ಕಿಟಕಿಗೆ ತಂದಿಟ್ಟರು. ಅವತ್ತು ಅವರು ರಾತ್ರಿ ಹತ್ತರವರೆಗೂ ಮಾತಾಡಿದರು.

ಮಾರನೆಯ ದಿನ ಕೆಳಮನೆಯ ಅಜ್ಜಿ ಬಾಗಿಲು ತಟ್ಟಿದರು. ಮೂರು ವರ್ಷದಲ್ಲಿ ಆಕೆ ನನ್ನ ಹತ್ತಿರ 'ಮೋಯ್' ಅನ್ನುವ ನಮಸ್ಕಾರ ಬಿಟ್ಟು ಇನ್ನೊಂದು ಮಾತಾಡಿದವರಲ್ಲ. ಕಿಟಕಿಯ ದೀಪ ನೋಡಬೇಕಂತೆ. ಅಮ್ಮ ಕನ್ನಡದಲ್ಲಿ ವಿವರಿಸಿದರು, ಅಜ್ಜಿ ಫಿನ್ನಿಷ್‌ನಲ್ಲಿ ಉತ್ತರಿಸಿದರು. ಇಬ್ಬರೂ ಅರ್ಧ ಗಂಟೆ ಹರಟಿದರು. ನನ್ನ ಅನುವಾದ ಯಾರಿಗೂ ಬೇಕಾಗಲಿಲ್ಲ. ಹೋಗುವಾಗ ಅಜ್ಜಿ, ಗೂಟದಲ್ಲಿ ನೇತುಹಾಕಿದ್ದ ಅಮ್ಮನ ಕಪ್ಪು ಕೋಟು ನೋಡಿದರು. ತಲೆ ಅಲ್ಲಾಡಿಸಿದರು. ಕೆಳಗೆ ಹೋಗಿ ದಾರ ಕಟ್ಟಿದ ಒಂದು ಪ್ಲಾಸ್ಟಿಕ್ ಬಿಲ್ಲೆ ತಂದು ಕೋಟಿನ ಜೇಬಿಗೆ ಸಿಕ್ಕಿಸಿದರು. ಅದು ಕಾರಿನ ದೀಪ ಬಿದ್ದರೆ ಹೊಳೆಯುವ ಬಿಲ್ಲೆ. ಅಲ್ಲಿ ಕತ್ತಲಲ್ಲಿ ನಡೆಯುವವರು ಅದನ್ನು ಹಾಕಿಕೊಳ್ಳುವುದು ರೂಢಿ. ಕಪ್ಪು ಕೋಟು ಹಾಕಿಕೊಂಡವರು ಡ್ರೈವರ್ ಕಣ್ಣಿಗೆ ಬೀಳುವುದೇ ಇಲ್ಲ.

ಅಲ್ಲಿಂದ ಅಜ್ಜಿ ದಿನಾ ಹನ್ನೊಂದೂವರೆಗೆ ಬಂದು ಅಮ್ಮನನ್ನು ವಾಕಿಂಗ್ ಕರೆದುಕೊಂಡು ಹೋದರು. ಹನ್ನೊಂದೂವರೆಗೇ ಯಾಕೆ? ಬೆಳಕು ಇರುವುದೇ ಆಗ. ಒಂದೇ ವಾರಕ್ಕೆ ಅಮ್ಮ ಮತ್ತೆ ನನ್ನ ಅಡುಗೆಗೆ ಹೆಸರಿಡಲು ಶುರು ಮಾಡಿದರು. ಗುಣವಾಯಿತು ಅಂತ ಲೆಕ್ಕ.

ಗಾಜಿನ ಆಚೆಯಿಂದ ಎರಡೇ ನಿಮಿಷ ಅಂತ ಬೆರಳು ತೋರಿಸುತ್ತಿದ್ದಾರೆ. ನೋಡಿ, ಬಾಡಿಗೆ, ಭಾಷೆ, ತೆರಿಗೆ, ಒಂಟಿತನ ಎಲ್ಲ ಬರೆದುಕೊಂಡು ಬಂದಿದ್ದೆ. ಬೇಗ ಬೇಗ ಹೇಳಿಬಿಡುತ್ತೇನೆ. ಹೊರಡುವ ಮಕ್ಕಳೇ, ಮಧ್ಯಾಹ್ನ ಆಫೀಸಿನಲ್ಲಿ ಕೂತು ಊಟ ಮಾಡಬೇಡಿ, ಹೊರಗೆ ಹೋಗಿ ಆಕಾಶ ನೋಡಿ. ಬೆಳಗ್ಗೆ ಅರ್ಧ ಗಂಟೆ ಎದುರಿಗೆ ಕೂರಲು, ಬೆಳಕು ಅಳೆಯುವ ಲೆಕ್ಕದಲ್ಲಿ 10,000 ಲಕ್ಸ್ ಇರುವ ದೀಪ ಅಂತ ಅಂಗಡಿಯಲ್ಲಿ ಸಿಗುತ್ತದೆ, ಮೊದಲ ಸಂಬಳದಲ್ಲೇ ತೆಗೆದುಕೊಳ್ಳಿ. ಡಿ ವಿಟಮಿನ್ ಮರೆಯಬೇಡಿ. ಅಲ್ಲಿ ಹಾಲಿಗೇ ಅದನ್ನು ಬೆರೆಸಿ ಮಾರುತ್ತಾರೆ, ನಮ್ಮ ಮೈಬಣ್ಣದವರಿಗೆ ಅದೊಂದೇ ಸಾಲದು, ಡಾಕ್ಟರನ್ನು ಕೇಳಿ. ಬೂಟಿಗೆ ಮೊಳೆಪಟ್ಟಿ ಹಾಕಿ, ಮಂಜುಗಡ್ಡೆಯ ಮೇಲೆ ಬಿದ್ದರೆ ಸೊಂಟ ಮುರಿಯುತ್ತದೆ. ನವೆಂಬರ್ ತಡೆದುಕೊಂಡರೆ ಗೆದ್ದಿರಿ. ಹಿಮ ಬಿದ್ದ ಮೇಲೆ ನೆಲವೇ ಬೆಳ್ಳಗೆ ಹೊಳೆಯುತ್ತದೆ. ಮಾರ್ಚಿನಲ್ಲಿ ಹಗಲು ದಿನಕ್ಕೆ ಸುಮಾರು 6 ನಿಮಿಷದಂತೆ ಬೆಳೆಯುತ್ತದೆ. ಜೂನಿನಲ್ಲಿ ರಾತ್ರಿ ಹನ್ನೆರಡಕ್ಕೆ ಹೊರಗೆ ಕೂತು ಪೇಪರ್ ಓದಬಹುದು. ಆಗ ನಿದ್ದೆ ಬರುವುದಿಲ್ಲ, ಅದು ಬೇರೆ ಕತೆ. ತಂದೆತಾಯಂದಿರೇ, ಫೋನ್ ಮಾಡಿದಾಗ ಡಿಗ್ರಿ ಕೇಳಬೇಡಿ. ಇವತ್ತು ಹೊರಗೆ ಹೋಗಿದ್ಯಾ ಅಂತ ಕೇಳಿ.

ಅಮ್ಮ ಊರಿಗೆ ವಾಪಸಾದ ಮೇಲೂ ಚಳಿಗಾಲದಲ್ಲಿ ದಿನಾ ಫೋನ್ ಮಾಡುತ್ತಿದ್ದರು. "ಇಲ್ಲಿ ಆರು ಗಂಟೆ, ದೀಪ ಹಚ್ಚಿದೆ. ನೀನು?" ಆಗ ನಮಗೂ ಅವರಿಗೂ ಮೂರೂವರೆ ಗಂಟೆ ವ್ಯತ್ಯಾಸ. ನನ್ನ ಗಡಿಯಾರದಲ್ಲಿ ಎರಡೂವರೆ. ಕಿಟಕಿಯಾಚೆ ಆಗಲೇ ಹೊತ್ತು ಮುಳುಗಿರುತ್ತಿತ್ತು. "ಈಗ ಹಚ್ಚುತ್ತಿದ್ದೀನಮ್ಮ" ಅನ್ನುತ್ತಿದ್ದೆ.

ನಮಸ್ಕಾರ.