ಸ್ತನ ಕ್ಯಾನ್ಸರ್: ಮನಸ್ಸಿನ ಭಾರ ಮೈಗೂ ತಟ್ಟುವ ಬಗೆ

ಕೇಳುಗರಿಗೆ ನಮಸ್ಕಾರ.

ಕ್ಯಾನ್ಸರ್ ವಾರ್ಡಿನಲ್ಲಿ ಆಪ್ತ ಸಮಾಲೋಚಕಿಯಾದ ನನ್ನನ್ನು ಹೆಂಗಸರು ಪದೇ ಪದೇ ಕೇಳುವುದು ಒಂದೇ ಮಾತು: "ಮೇಡಂ, ನಾನು ಚಿಂತೆ ಮಾಡಿ ಮಾಡಿಯೇ ಎದೆಯಲ್ಲಿ ಈ ಗಡ್ಡೆ ಆಯ್ತಾ?" ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ಅಂತರ ಅಂತ, ನೋಡಲು ಬಂದ ನೆಂಟರು ಯಾರೋ ಹೇಳಿಹೋಗಿರುತ್ತಾರೆ. ಅಮ್ಮಾ, ಒತ್ತಡದಿಂದಲೇ ಸ್ತನ ಕ್ಯಾನ್ಸರ್ ಹುಟ್ಟುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಇದು ನಿಮ್ಮ ತಪ್ಪಿನಿಂದ ಬಂದದ್ದಲ್ಲ.

ಆದರೆ ಕಾಯಿಲೆ ಬಂದ ಮೇಲೆ ಮನಸ್ಸಿನ ಭಾರ ಮೈಗೂ ತಟ್ಟುತ್ತದೆ, ನಿಜ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅದು ಬೆಳಿಗ್ಗೆ ಏರಬೇಕು, ರಾತ್ರಿ ಇಳಿಯಬೇಕು. ಒತ್ತಡ ತಿಂಗಳುಗಟ್ಟಲೆ ಎಳೆದರೆ ಈ ಏರಿಳಿತವೇ ಮಟ್ಟಸವಾಗಿಬಿಡಬಹುದು. ಬೇರೆ ಅಂಗಗಳಿಗೂ ಹರಡಿದ ಸ್ತನ ಕ್ಯಾನ್ಸರ್ ಇದ್ದ 104 ಮಹಿಳೆಯರ ಜೊಲ್ಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕಾರ್ಟಿಸಾಲ್ ಅಳೆದರು. ಏರಿಳಿತ ಕೆಟ್ಟವರಲ್ಲಿ ಬದುಕಿನ ಅವಧಿಯೂ ಕಡಿಮೆ, ನ್ಯಾಚುರಲ್ ಕಿಲ್ಲರ್ ಎಂಬ ರಕ್ಷಣಾ ಕೋಶಗಳೂ ಕಡಿಮೆ ಎಂದು 2000ರಲ್ಲಿ ವರದಿಯಾಯಿತು. ಹೆದರಬೇಡಿ, ಒತ್ತಡವೇ ಇದಕ್ಕೆ ಕಾರಣ ಎಂದು ಅಲ್ಲಿ ಸಾಬೀತಾಗಲಿಲ್ಲ. ಕಾಯಿಲೆಯೇ ಆ ಲಯವನ್ನು ಕೆಡಿಸಿರಬಹುದು.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಮೂರನೇ ಕೀಮೋಗೆ ಬಂದ ಒಬ್ಬರಿಗೆ ಆಟೋ ಆಸ್ಪತ್ರೆ ಗೇಟು ದಾಟುತ್ತಲೇ ವಾಂತಿ. ಇನ್ನೂ ಸೂಜಿ ಚುಚ್ಚಿರಲಿಲ್ಲ. ಫಿನಾಯಿಲ್ ವಾಸನೆ ಮೂಗಿಗೆ ಬಡಿದಿತ್ತು, ಅಷ್ಟೇ. ಹಿಂದಿನ ಎರಡು ಸಲದ ಸಂಕಟವನ್ನು ಮೈ ಆ ವಾಸನೆಯ ಜೊತೆ ನೆನಪಿಟ್ಟುಕೊಂಡಿತ್ತು. ಮನೆಯವರು ನಾಟಕ ಅಂದರು. ನಾಟಕವಲ್ಲ, ಇದು ವೈದ್ಯರಿಗೆ ಗೊತ್ತಿರುವ, ಮದ್ದೂ ಇರುವ ತೊಂದರೆ. ಮುಂದಿನ ಸಲ ಡಾಕ್ಟರು ಹಿಂದಿನ ರಾತ್ರಿಗೇ ಗಾಬರಿ ತಗ್ಗಿಸುವ ಮಾತ್ರೆ ಬರೆದುಕೊಟ್ಟರು, ನಾನು ನಿಧಾನ ಉಸಿರಾಡುವುದನ್ನು ಕಲಿಸಿದೆ. ಸೆರಗಿನ ತುದಿಯಲ್ಲಿ ಏಲಕ್ಕಿ ಕಟ್ಟಿಕೊಂಡು, ಅದನ್ನೇ ಮೂಸುತ್ತಾ ಬಂದರು. ಅವತ್ತು ಒಮ್ಮೆ ಹೊಟ್ಟೆ ತೊಳಸಿತು, ಅಷ್ಟೇ.

ಮಾತಾಡಿ ಹಗುರಾದರೆ ಆಯುಷ್ಯವೂ ಹೆಚ್ಚುತ್ತದೆಯೇ? ಸ್ಟ್ಯಾನ್‌ಫರ್ಡ್‌ನ ಮನೋವೈದ್ಯ ಡೇವಿಡ್ ಸ್ಪೀಗೆಲ್ 1989ರಲ್ಲಿ ಹೌದು ಎನ್ನುವಂಥ ಫಲಿತಾಂಶ ಪ್ರಕಟಿಸಿದ್ದರು. 2001ರಲ್ಲಿ ಅದನ್ನೇ ಮತ್ತೆ ಪರೀಕ್ಷಿಸಿದ ಕೆನಡಾದ ದೊಡ್ಡ ಅಧ್ಯಯನದಲ್ಲಿ ಆಯುಷ್ಯ ಹೆಚ್ಚಲಿಲ್ಲ. ಆದರೆ ನೋವು ಕಡಿಮೆ ಅನ್ನಿಸಿತು, ಮನಸ್ಸು ತುಸು ಚೇತರಿಸಿತು. ನನ್ನ ಮಟ್ಟಿಗೆ ಅದೇನು ಸಣ್ಣ ಮಾತಲ್ಲ.

ಹಾಗಾಗಿ "ಅಳಬೇಡ, ಧೈರ್ಯವಾಗಿರು" ಎಂದು ಮನೆಯವರು ಒತ್ತಾಯಿಸಬೇಡಿ. ಅಳು ಬಂದರೆ ಅತ್ತುಬಿಡಲಿ, ಪಕ್ಕದಲ್ಲಿ ಕೂತಿರಿ. ನಿದ್ದೆ ಇಲ್ಲದಿದ್ದರೆ ಕ್ಯಾನ್ಸರ್ ಡಾಕ್ಟರಿಗೇ ಹೇಳಿ. ಮನಸ್ಸಿನ ಭಾರಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿಯಲ್ಲೂ.

ನಮಸ್ಕಾರ.