ಹೊಳಪಿಗೆ ಮರುಳಾಗಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಲೋಹದ ಮೇಲೆ ಇನ್ನೊಂದು ಲೋಹದ ತೆಳು ಲೇಪ ಕೊಡುವುದೇ ಪ್ಲೇಟಿಂಗ್. ನಾನು ಇವತ್ತು ಹೇಳುವುದು ಒಂದೇ ಮಾತು: ಹೊಳಪು ನೋಡಿ ಸಾಮಾನು ಕೊಳ್ಳಬೇಡಿ. ಯಾವ ಲೇಪ, ಎಷ್ಟು ದಪ್ಪ, ಇಷ್ಟು ಕೇಳಿ.

ನವಲಗುಂದದ ಕಡೆಯ ರೈತರೊಬ್ಬರು ಒಮ್ಮೆ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ವರ್ಕ್‌ಶಾಪಿಗೆ ಬಂದರು. ಚೀಲದ ತುಂಬ ತುಕ್ಕು ಹಿಡಿದ ಬೋಲ್ಟು. "ಕೊಂಡಾಗ ಬೆಳ್ಳಿ ಹಂಗ ಹೊಳೀತಿದ್ವು ಸರ. ಒಂದು ಮಳಿಗಾಲ ತಡೀಲಿಲ್ಲ ನೋಡ್ರಿ" ಅಂದರು. ಹೊಲದ ನೀರಿನ ಪೈಪಿಗೆ ಹಾಕಿದ್ದರಂತೆ. ಅಲ್ಲಿ ಸದಾ ಹಸಿ. ಪಾನಾ ಹಾಕಿ ತಿರುಗಿಸಿದರೆ ಬೋಲ್ಟಿನ ತಲೆಯೇ ಮುರಿದು ಬಂದಿತ್ತು. ನಾನು ಬೂದಿ ಬಣ್ಣದ, ಒರಟು ಮೈಯ ಬೋಲ್ಟು ಕೊಟ್ಟೆ. "ಇದೇನ್ರಿ, ಹಳೇ ಮಾಲು ಕೊಡ್ತೀರಿ?" ಅಂತ ಮೂಗು ಮುರಿದರು.

ಎರಡರ ಮೇಲೂ ಇರುವುದು ಸತುವೇ ಕಣ್ರೀ! ಹೊಳೆಯುವುದಕ್ಕೆ ದ್ರಾವಣದ ತೊಟ್ಟಿಯಲ್ಲಿ ಕರೆಂಟು ಹರಿಸಿ ಲೇಪ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ 5ರಿಂದ 10 ಮೈಕ್ರಾನ್. 1000 ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಬೂದಿ ಬಣ್ಣದ್ದನ್ನು ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆದಿರುತ್ತಾರೆ. ಅದರ ಲೇಪ 50 ಮೈಕ್ರಾನ್ ಆಸುಪಾಸು. ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಸಣ್ಣ ಗೀರು ಬಿದ್ದರೂ ಅಕ್ಕಪಕ್ಕದ ಸತು ಅಲ್ಲಿ ಕಾಯುತ್ತದೆ. ದಪ್ಪ ಜಾಸ್ತಿ ಇದ್ದಷ್ಟು ಬಾಳಿಕೆ ಜಾಸ್ತಿ. ಹೊಳಪಿಗೂ ಬಾಳಿಕೆಗೂ ಸಂಬಂಧವೇ ಇಲ್ಲ! ಹಾಂ, ಲೇಪ ದಪ್ಪ ಇರುವುದರಿಂದ ಈ ಬೂದಿ ಬಣ್ಣದ ಬೋಲ್ಟಿಗೆ ಸಾದಾ ನಟ್ಟು ಹೋಗುವುದಿಲ್ಲ. ಜೋಡಿಯಾಗಿಯೇ ಕೊಳ್ಳಿ.

ಸಮಯ ಕಡಿಮೆ ಇದೆ, ಬೇಗ ಹೇಳಿಬಿಡುತ್ತೇನೆ. ಬಚ್ಚಲುಮನೆಯ ನಲ್ಲಿ ಹೊಳೆಯುವುದು ಕ್ರೋಮ್‌ನಿಂದ. ಆ ಕ್ರೋಮ್ ಒಂದು ಮೈಕ್ರಾನ್ ಕೂಡ ಇರುವುದಿಲ್ಲ, ಅದರ ಕೆಳಗೆ ನಿಕ್ಕಲ್. ತಂತಿ ಬ್ರಷ್ ಹಾಕಿ ಉಜ್ಜಿದರೆ ಹೋಯಿತು. ಮೆತ್ತನೆ ಬಟ್ಟೆ ಸಾಕು, ದಯವಿಟ್ಟು.

ಇನ್ನು ಹಿತ್ತಾಳೆ ಪಾತ್ರೆಯ ಕಲಾಯಿ. ಅದು ತವರ. 232 ಡಿಗ್ರಿಗೇ ಕರಗುತ್ತದೆ. ಖಾಲಿ ಪಾತ್ರೆಯನ್ನು ಉರಿಯ ಮೇಲೆ ಬಿಡಬೇಡಿ ತಾಯಂದಿರೇ. ಒಳಗಿನ ಬಿಳುಪು ಹೋಗಿ ಹಳದಿ ಹೊಳಪು ಕಂಡಿತೋ, ಅದರಲ್ಲಿ ಹುಳಿ ಸಾರು ಮಾಡುವುದನ್ನು ಅವತ್ತೇ ನಿಲ್ಲಿಸಿ. ಮೊದಲು ಕಲಾಯಿ ಹಾಕಿಸಿ. ನಮಸ್ಕಾರ.